ನೆಲ ಡೊಂಕೋ, ಲೆನ್ಸು ಡೊಂಕೋ

ಹಂಸಭಾವಿಯಲ್ಲಿ ತುರ್ತಾಗಿ ಒಂದು ನೆಟ್ಟನೆಯ ಗೆರೆ ಬೇಕಾಗಿದೆ. ಬಾಡಿಗೆಗೆ ಕೊಟ್ಟರೂ ಆದೀತು. ಒಂದು ತಾಸು ಅದರ ಮುಂದೆ ಕ್ಯಾಮೆರಾ ಇಟ್ಟು ವಾಪಸು ಮಾಡುತ್ತೇವೆ.

ಸಂಗತಿ ಇಷ್ಟು. ಮದುವೆ ಫೋಟೋ ತೆಗೆಯುವ ನಮ್ಮ ಹುಡುಗನೊಬ್ಬ ಸೆಕೆಂಡ್ ಹ್ಯಾಂಡಿನಲ್ಲಿ ವೈಡ್ ಲೆನ್ಸು ತಂದಿದ್ದಾನೆ. ಅದರಲ್ಲಿ ಹಂದರದ ಗಳ ಬಿಲ್ಲಿನಂತೆ ಬಾಗುತ್ತದೆ. ಈ ದೋಷ ತಿದ್ದಲು ಲೆನ್ಸ್‌ಫನ್ ಎಂಬ ಉಚಿತ ತಂತ್ರಾಂಶವಿದೆ, ಆದರೆ ಅದಕ್ಕೆ ಆ ಲೆನ್ಸಿನ ಡೊಂಕಿನ ಲೆಕ್ಕ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ನಾವೇ ಪರೀಕ್ಷೆಯ ಫೋಟೋ ತೆಗೆದು ಒದಗಿಸಬೇಕು. ಉದ್ದನೆಯ ನೇರ ಗೆರೆಗಳಿರುವ ಕಟ್ಟಡ ಹುಡುಕು, ದೂರ ನಿಲ್ಲು, ಸ್ಟ್ಯಾಂಡ್ ಹಾಕು, ಗೆರೆ ಚೌಕಟ್ಟಿನ ಅಂಚಿಗೆ ಬರುವಂತೆ ಹಿಡಿ, ಜೂಮ್ ಬದಲಿಸಿದಾಗಲೆಲ್ಲ ಮತ್ತೆ ಹಿಡಿ. ಈ ಕ್ರಮ ಬರೆದವರು ಹಿರೇಕೆರೂರು ತಾಲ್ಲೂಕಿನವರಲ್ಲವೆಂಬುದು ಮೊದಲ ಸೂಚನೆಯಲ್ಲೇ ತಿಳಿಯುತ್ತದೆ.

ಹುಡುಗ ಊರೆಲ್ಲ ಸುತ್ತಿದ. ಕರೆಂಟಿನ ಕಂಬಗಳು ಒಂದಕ್ಕೊಂದು ನಮಸ್ಕಾರ ಹೇಳುತ್ತ ನಿಂತಿದ್ದವು. ಗಟಾರದ ಅಂಚು ಯಾರದೋ ಕಟ್ಟೆಗೆ ಮರ್ಯಾದೆ ಕೊಟ್ಟು ಸರಿದುಹೋಗಿತ್ತು. ಕೊನೆಗೆ ಹೊಸದಾಗಿ ಎದ್ದ ಒಂದು ಸರ್ಕಾರಿ ಕಾಂಪೌಂಡು ಸಿಕ್ಕಿತು. ಸುಣ್ಣ ಬಳಿದಿದೆ, ಹೆಸರಿನ ಫಲಕ ನೆಟ್ಟಿದೆ, ಬಿಲ್ಲೂ ಆಗಿದೆ. ಫೋಟೋದಲ್ಲಿ ಮಾತ್ರ ಅದು ಹೊಟ್ಟೆ ಮುಂದೆ ಮಾಡಿ ನಿಂತಿತು.

ಅಲ್ಲೇ ಇದ್ದ ಗುತ್ತಿಗೆದಾರರಿಗೆ ಹುಡುಗ ಲೆನ್ಸಿನ ದೋಷವನ್ನು ವಿವರಿಸಿದ. ಅವರ ಮುಖ ಅರಳಿದ ಪರಿ ನೋಡಬೇಕಿತ್ತು. "ಹಂಗಂದ್ರ ಗ್ವಾಡಿ ನೆಟ್ಟಗ ಐತಿ, ಕ್ಯಾಮೆರಾನ ಸೊಟ್ಟ! ತಮ್ಮಾ, ಇದನ್ನ ಒಂದು ಹಾಳಿ ಮ್ಯಾಲೆ ಬರದು ಕೊಡು." ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಇವರು ನೆಲವನ್ನೂ ಬಿಟ್ಟು ಗಾಜಿನ ಮೇಲೆ ಹಾಕಿದರು.

ಆದರೆ ಗಾಜಿಗೆ ತನ್ನದೇ ನ್ಯಾಯವಿದೆ. ಇಂಥ ಡೊಂಕು ಚಿತ್ರದ ನಡುಬಿಂದುವಿನಿಂದ ಹೊರಕ್ಕೆ ಹರಡುತ್ತದೆ. ನಡುವಿನಲ್ಲಿ ಸೊನ್ನೆ. ದೂರ ಎರಡರಷ್ಟಾದರೆ ಜರುಗುವಿಕೆ ಹೆಚ್ಚುಕಡಿಮೆ ಎಂಟರಷ್ಟು. ಹಾಗಾಗಿ ನಟ್ಟನಡುವೆ ಹಾಯುವ ಗೆರೆ, ಇಂಥ ಡೊಂಕು ಎಷ್ಟೇ ಇದ್ದರೂ, ನೇರವಾಗಿಯೇ ಉಳಿಯುತ್ತದೆ. ಹುಡುಗ ಕ್ಯಾಮೆರಾ ತುಸು ಎತ್ತಿ ಗೋಡೆಯ ತಲೆಯನ್ನು ಚೌಕಟ್ಟಿನ ನಡುವಿಗೆ ತಂದ. ಹೊಟ್ಟೆ ಕರಗಲಿಲ್ಲ. ಗುತ್ತಿಗೆದಾರರಿಗೆ ಎಲ್ಲಿಂದಲೋ ಫೋನು ಬಂತು.

ಲೆನ್ಸಿನ ಡೊಂಕಿನ ಲೆಕ್ಕವನ್ನು ಕಾನ್ರಾಡಿ ಎಂಬವರು 1919ರಲ್ಲಿ, ಡ್ವೇನ್ ಬ್ರೌನ್ 1966ರಲ್ಲಿ ಗಣಿತಕ್ಕೆ ಇಳಿಸಿದರು. ನಡುವಿನವನಿಗೆ ದೋಷವಿಲ್ಲ ಎಂಬುದು ನಮ್ಮ ಮುಖಂಡರಿಗೆ ಹುಟ್ಟುತ್ತಲೇ ಗೊತ್ತು. ಗುದ್ದಲಿ ಪೂಜೆಯ ಯಾವ ಫೋಟೋ ಬೇಕಾದರೂ ತೆಗೆದು ನೋಡಿ, ಗುದ್ದಲಿ ಹಿಡಿಯುವುದಕ್ಕಿಂತ ಮುಂಚೆ ನಡುವನ್ನು ಹಿಡಿದಿರುತ್ತಾರೆ. ಅಂಚಿಗೆ ಬಿದ್ದ ಸದಸ್ಯರ ಗತಿ ಕೇಳಬೇಡಿ. ತಂತ್ರಾಂಶ ಹಾಕಿ ಹಿಂದಿನ ಗೋಡೆಯನ್ನು ನೆಟ್ಟಗೆ ಮಾಡಿದರೆ ಅಂಚಿನ ಮುಖ ಇನ್ನಷ್ಟು ಹಿಗ್ಗಿ ಕುಂಬಳಕಾಯಿಯಾಗುತ್ತದೆ. ಮುಖ ಉಳಿಸಿದರೆ ಗೋಡೆ ಬಾಗುತ್ತದೆ. ವೈಡ್ ಲೆನ್ಸಿನಲ್ಲಿ ಎರಡನ್ನೂ ಪೂರ್ತಿ ಉಳಿಸುವ ಉಪಾಯ ಈವರೆಗೆ ಗಣಿತದಲ್ಲಿಲ್ಲ, ಪಕ್ಷಗಳಲ್ಲೂ ಇಲ್ಲ.

ಇನ್ನು ನಮ್ಮ ಜಿಲ್ಲೆ. 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ, ಬೀದರಿಗೂ ಕೊಳ್ಳೇಗಾಲಕ್ಕೂ ಸಮದೂರದಲ್ಲಿದೆ, ಕರ್ನಾಟಕದ ಹೊಕ್ಕುಳೇ ಇದು ಎಂದು ಹೇಳಿಕೊಳ್ಳುತ್ತೇವೆ. ನಮ್ಮ ಲೆಕ್ಕದಲ್ಲಿ ನಟ್ಟನಡುವೆ ಇರುವ ನಾವು ಬೆಂಗಳೂರಿನ ಫೋಟೋದಲ್ಲಿ ಮಾತ್ರ ಯಾವಾಗಲೂ ಮೂಲೆಯಲ್ಲಿ, ಎಂಟರಷ್ಟು ಜರುಗಿ, ಅರ್ಧ ಕತ್ತರಿಸಿಕೊಂಡು ನಿಂತಿರುತ್ತೇವೆ.

ಫೋಟೋ ಸುಳ್ಳು ಹೇಳದು ಎಂದು ನಂಬಿದವರು ದೆಹಲಿಯಲ್ಲಿದ್ದರು. ಉದ್ಯೋಗ ಖಾತ್ರಿ ಕೆಲಸದ ಹಾಜರಿಯನ್ನು ದಿನಕ್ಕೆರಡು ಸಲ ಫೋಟೋ ತೆಗೆದು ಆ್ಯಪಿಗೆ ಏರಿಸುವುದು 2023ರ ಜನವರಿಯಿಂದ ಕಡ್ಡಾಯವಾಯಿತು. 2025ರ ಜುಲೈಗೆ, ಕಡ್ಡಾಯ ಮಾಡಿದ ಸಚಿವಾಲಯವೇ ಸುತ್ತೋಲೆ ಹೊರಡಿಸಿತು: ಸಂಬಂಧವಿಲ್ಲದ ಫೋಟೋ ಏರಿಸುತ್ತಿದ್ದಾರೆ, ಫೋಟೋದ ಫೋಟೋ ತೆಗೆಯುತ್ತಿದ್ದಾರೆ! ಲೆನ್ಸಿನ ಡೊಂಕಿಗೆ ಸೂತ್ರವಿದೆ. ಲೆನ್ಸಿನ ಹಿಂದೆ ನಿಂತವನ ಡೊಂಕಿಗೆ ಸುತ್ತೋಲೆ ಮಾತ್ರ.

ಹುಡುಗನ ಗೆರೆಯ ವಿಚಾರ ಹಾಗೇ ಉಳಿಯಿತಲ್ಲ. ಚದುರಂಗದ ಮನೆಗಳನ್ನು ಪ್ರಿಂಟ್ ಮಾಡಿ ಗಟ್ಟಿ ಹಲಗೆಗೆ ಅಂಟಿಸಿ, ಬೇರೆಬೇರೆ ಓರೆಯಲ್ಲಿ ಫೋಟೋ ತೆಗೆಯುವ ದಾರಿಯೊಂದಿದೆ. ಝಾಂಗ್ ಎಂಬ ವಿಜ್ಞಾನಿ 2000ದಲ್ಲಿ ಪ್ರಕಟಿಸಿದ್ದು. ಹುಡುಗ ಅಂಟಿಸಿದ ಕಾಗದ ಮಳೆಗಾಲದ ತಂಪಿಗೆ ಉಬ್ಬಿತು. ಆಗ ಹಳೆಯ ಉಪಾಯವೊಂದು ಕಣ್ಣಿಗೆ ಬಿತ್ತು. 1971ರಲ್ಲಿ ಅದೇ ಬ್ರೌನ್ ಕಟ್ಟಡದ ಗೊಡವೆಗೇ ಹೋಗದೆ, ಸಾಲಾಗಿ ದಾರ ಇಳಿಬಿಟ್ಟು, ತುದಿಗೆ ಗುಂಡು ಕಟ್ಟಿ, ಅಲುಗದಂತೆ ಗುಂಡನ್ನು ಎಣ್ಣೆಯಲ್ಲಿ ಅದ್ದಿ, ಆ ದಾರಗಳನ್ನೇ ಫೋಟೋ ಹಿಡಿದು ಲೆನ್ಸು ಅಳೆದಿದ್ದರು. ಭೂಮಿಯೇ ಎಳೆದು ಹಿಡಿದ ಗೆರೆ, ಅದಕ್ಕೆ ಟೆಂಡರ್ ಬೇಕಿಲ್ಲ.

ಅಂದರೆ ಗೌಂಡಿಯ ತೂಗುಗುಂಡು! ಹುಡುಗ ಕಾಂಪೌಂಡಿನ ಹತ್ತಿರ ಓಡಿಹೋಗಿ ಕೇಳಿದ. ಗೌಂಡಿ ಚೀಲದ ತಳದಿಂದ ಗುಂಡು ತೆಗೆದು ಕೊಟ್ಟ. ಹೊಳಪು ಮಾಸದ, ಹೊಚ್ಚ ಹೊಸದರಂಥ ಗುಂಡು.

"ಕಾಕಾ, ಇದು ಚೀಲದಾಗ ಇಟ್ಕೊಂಡೂ ಗ್ವಾಡಿ ಹಿಂಗ್ಯಾಕ ಕಟ್ಟೀರಿ?"

"ತಮ್ಮಾ, ಅದನ್ನ ಮಂದಿ ಮನಿ ಕಟ್ಟೂ ಮುಂದ ತಗೀತೀನಿ. ಇದಕ್ಕ ಫೋಟೋ ಹೊಡದ್ರ ಸಾಕು ಅಂದಿದ್ರು."