ಗೇಟ್ ಹಾಕವ್ರೆ

ಕಡೂರಿನಿಂದ ಹೊರಟ ಬಸ್ಸಿನಲ್ಲಿ ಕಂಡಕ್ಟರು "ಯಾರ್ರೀ ಗೇಟು, ಮುಂದಕ್ ಬನ್ನಿ" ಎಂದು ಕೂಗಿದರೆ ನಮ್ಮ ಯಗಟಿ ಸೀಮೆಯವರು ಚೀಲ ಎತ್ತಿಕೊಂಡು ಏಳುತ್ತಾರೆ. ಹೊರಗಿನವರು ಮಾತ್ರ ಕಿಟಕಿಯಿಂದ ಕತ್ತು ಚಾಚಿ ಗೇಟು ಹುಡುಕುತ್ತಾರೆ. ಅಲ್ಲಿರುವುದು ಒಂದು ಟೀ ಅಂಗಡಿ, ಒಂದು ಕಲ್ಲುಬೆಂಚು, ಒಳಗಿನ ಹಳ್ಳಿಗೆ ತಿರುಗುವ ರಸ್ತೆ, ಅಷ್ಟೆ. ಜನರನ್ನು ತಡೆಯಬೇಕಾದ ಗೇಟು ನಮ್ಮಲ್ಲಿ ಇಳಿದು, ಟೀ ಕುಡಿದು, ನಾಲ್ಕು ಮಾತಾಡಿ ಹೋಗುವ ಜಾಗ. ಬೆಂಗಳೂರಿನವರು ನಗಬೇಕಾಗಿಲ್ಲ. ಹಲಸೂರು ಗೇಟಿನಲ್ಲಿ ಪೇಟೆಯ ಕೋಟೆಬಾಗಿಲು ಮಾಯವಾಗಿ ಎಷ್ಟೋ ಕಾಲವಾಯಿತು. ಇಲ್ಲದ ಗೇಟಿನ ಹೆಸರಲ್ಲಿ ಒಂದು ಪೊಲೀಸ್ ಠಾಣೆಯೇ ಇದೆ.

ಇರುವ ಗೇಟುಗಳ ಕಥೆ ಬೇರೆ. ನಮ್ಮ ತೆಂಗಿನ ತೋಟಗಳಿಗೆ ಹಿಂದೆ ಕತ್ತಾಳೆ ಬೇಲಿ, ನಡುವೆ ಬಿಟ್ಟ ಕಂಡಿಗೆ ಒಂದು ಜಾಲಿಮುಳ್ಳಿನ ಕೊಂಬೆ. "ಮುಳ್ಳೆಳ್ದು ಬಾರೋ" ಎಂದರೆ ಬೀಗ ಹಾಕಿದಷ್ಟೇ ಭದ್ರ. ಇದೇ ಜಿಲ್ಲೆಯ ಕೊಪ್ಪ, ಶೃಂಗೇರಿ ಕಡೆಯ ನೆಂಟರದು ಉಣುಗೋಲು. ಎರಡು ಕಂಬ, ಅಡ್ಡಡ್ಡ ಸರಿಸುವ ಗಳ. ದನ ದಾಟಬಾರದೆಂದು ಮಾಡಿದ ಏರ್ಪಾಡು. ಪಂಚೆ ಉಟ್ಟ ಬಯಲುಸೀಮೆ ಬೀಗರೂ ಅದರ ಮುಂದೆ ದನದ ಹಾಗೇ ನಿಂತುಬಿಡುತ್ತಾರೆ.

ಈಗ ಕೊಬ್ಬರಿಗೆ ರೇಟು ಬಂದ ವರ್ಷ ತೋಟಕ್ಕೆ ಕಬ್ಬಿಣದ ಗೇಟು ಬರುತ್ತದೆ. ಎರಡು ನವಿಲು, ನಡುವೆ ಮನೆದೇವರ ಹೆಸರು. ದುಡ್ಡು ನವಿಲಿಗೇ ಮುಗಿದು ಕಾಂಪೌಂಡು ಮುಂದಿನ ವರ್ಷಕ್ಕೆ ಹೋಗುತ್ತದೆ. ಮೇಕೆಗಳು ಪಕ್ಕದಲ್ಲೇ ನುಗ್ಗುತ್ತವೆ. ಯಜಮಾನರು ಬೀಗ ತೆಗೆದು, ಒಳಹೋಗಿ, ಮತ್ತೆ ಬೀಗ ಹಾಕಿಕೊಂಡು ಅವುಗಳನ್ನು ಅಟ್ಟುತ್ತಾರೆ. ಊರವರು ಮೆಚ್ಚಿ ಹೇಳುವುದು, "ಗೇಟ್ ಹಾಕವ್ರೆ!"

ರೈಲ್ವೆ ಹಳಿಯ ಹತ್ತಿರ ಇದೇ ಮಾತು ಶಾಪ. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದ ಮೇಲೆ ಆ ಕಡೆಯವರೂ ಶಾಪ ಹಾಕಲು ಕಲಿತರು. ಗೇಟು ಬಿದ್ದೊಡನೆ ಎದುರುಬದುರು ಎರಡೂ ಕಡೆ ವಾಹನಗಳು ರಸ್ತೆ ತುಂಬ ನಿಲ್ಲುತ್ತವೆ. ರೈಲು ಎರಡೇ ನಿಮಿಷದಲ್ಲಿ ಹೋಗುತ್ತದೆ, ನಾವು ಹೋಗುವುದಿಲ್ಲ.

ಗೇಟಿಗೆ ನಿಜವಾದ ಮರ್ಯಾದೆ ಸಿಕ್ಕಿದ್ದು 2024ರ ಆಗಸ್ಟಿನಲ್ಲಿ. ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ನೆಟ್ಟಗೆ ನಿಂತಿದ್ದ 32ನ್ನು ಯಾರೂ ಕೇಳಲಿಲ್ಲ. ಲಕ್ಕವಳ್ಳಿಯಲ್ಲಿ ಭದ್ರೆಯ ಗೇಟು ಎತ್ತಿದರೆ ನೀರು ಹೋಗಿ ಸೇರುವುದು ಅಲ್ಲಿಗೇ ಆದ್ದರಿಂದ, ನಮ್ಮ ಟೀ ಅಂಗಡಿಯಲ್ಲೂ ವಾರವಿಡೀ ಎಲ್ಲರೂ ಎಂಜಿನಿಯರುಗಳೇ.

ಅದೇ ಅಂಗಡಿಯಲ್ಲಿ ಮೊನ್ನೆ ಒಬ್ಬ ಹಿರಿಯರು ಸಂಭ್ರಮದಿಂದ, "ನಮ್ ಮೊಮ್ಮಗಂಗೆ ಗೇಟ್ ಪಾಸಾಯ್ತು" ಎಂದರು. ಐಐಟಿಯವರು ನಡೆಸುವ ಪರೀಕ್ಷೆ ಅದು.

ಪಕ್ಕದವರು ಲೋಟ ಕೆಳಗಿಟ್ಟು, "ಅಯ್ಯೋ ಪಾಪ, ಯಾವ ಕಂಪನೀಲಿದ್ದ? ಬಿಡಿ ಗೌಡ್ರೆ, ಊರಲ್ಲಿ ತೋಟ ಐತಲ್ಲ" ಎಂದರು.