ಗಾಂಧಿ ಚೌಕದಿಂದ ಮಫ್ಫೆಯಿ ಪಾದ್ರಿಗಳಿಗೆ

ಮಾನ್ಯ ಆಂಜೆಲೊ ಮಫ್ಫೆಯಿ ಅವರಿಗೆ,

ನೀವು ತೀರಿಕೊಂಡಿದ್ದು 1899ರಲ್ಲಿ. ಈ ಪತ್ರ ನಿಮಗೆ ಮುಟ್ಟುವುದಿಲ್ಲ ಎಂದು ಗೊತ್ತಿದ್ದೂ, ನಾಲ್ಕು ಜನ ಓದಲಿ ಎಂದು ವಿಜಯಪುರದ ಗಾಂಧಿ ಚೌಕದಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಟ್ರೆಂಟಿನೊ ಸೀಮೆಯಿಂದ ಮಂಗಳೂರಿಗೆ ಬಂದ ಜೆಸ್ವಿಟ್ ಪಾದ್ರಿ ನೀವು. ಬಂದವರೇ ಕೊಂಕಣಿ ಕಲಿತಿರಿ. 1882ರಲ್ಲಿ ಕೊಂಕಣಿ ವ್ಯಾಕರಣ, ಮರುವರ್ಷ ಇಂಗ್ಲಿಷ್-ಕೊಂಕಣಿ ನಿಘಂಟು ಹೊರತಂದಿರಿ. ನೀವು ಕ್ಯಾಥೊಲಿಕರು, ವ್ಯಾಕರಣವನ್ನು ಅಚ್ಚು ಹಾಕಿದ್ದು ಪ್ರಾಟೆಸ್ಟೆಂಟರ ಬಾಸೆಲ್ ಮಿಶನ್ ಮುದ್ರಣಾಲಯ. ಒಂದು ಭಾಷೆಯ ಕ್ರಿಯಾಪದಗಳನ್ನು ಜೋಡಿಸುವ ಕೆಲಸಕ್ಕೆ ಆ ಗೋಡೆ ಅಡ್ಡ ಬರಲಿಲ್ಲವಲ್ಲ ಎಂದು ನೆನೆದಾಗಲೆಲ್ಲ ನನಗೆ ಹಿಗ್ಗು. ನಿಮ್ಮ ಸೀಮೆ ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು, ಮಾತು ಮಾತ್ರ ಇಟಾಲಿಯನ್. ನಮ್ಮ ವಿಜಯಪುರವೂ 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದು ಕನ್ನಡ ಆಡಿಕೊಂಡಿದ್ದ ಊರು.

ನಿಮಗೇ ಬರೆಯಲು ಕಾರಣವಿದೆ. ನನ್ನ ತಂಗಿಯ ಮಗಳು ಓದಲಿಕ್ಕೆಂದು ಇಟಲಿಗೆ ಹೊರಟಿದ್ದಾಳೆ. ನೀವು ಬಂದ ದಾರಿಯಲ್ಲಿ ಎದುರು ದಿಕ್ಕಿಗೆ ಹೋಗುವವಳು. ಇಟಾಲಿಯನ್ ಕಲಿಯುತ್ತಿದ್ದಾಳೆ, ಆದರೆ ಕಲಿಯುವುದೆಲ್ಲ ಇಂಗ್ಲಿಷಿನ ಮೂಲಕ. ಒಂದು ಸಂಜೆ ಚೌಕದ ಚಹಾ ಅಂಗಡಿಯಲ್ಲಿ ಇಟಾಲಿಯನ್ ಕ್ರಿಯಾಪದವೊಂದರ ರೂಪಗಳ ಹಾಳೆಯನ್ನು ನನ್ನ ಮುಂದೆ ಹಾಸಿ, "ಮಾಮಾ, ಎಂಬತ್ತೊಂಬತ್ತು ರೂಪ ಅದಾವು. ಹೆಂಗ ನೆನಪಿಡೂದು?" ಅಂದಳು. ಮೂವತ್ತು ವರ್ಷ ಕನ್ನಡ ಕಲಿಸಿದವನು ನಾನು. ಹಾಳೆ ನೋಡುತ್ತ ನೋಡುತ್ತ ಹೊಟ್ಟೆಯಲ್ಲಿ ಸಂಕಟವಾಯಿತು. ಅದರಲ್ಲಿದ್ದ ಬಹಳಷ್ಟು ಆಕೆಗೆ ಆಗಲೇ ಬರುತ್ತಿತ್ತು. ಬರುತ್ತದೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಎಂಬತ್ತೊಂಬತ್ತರ ಲೆಕ್ಕ ಸರಿ. ನಿಮ್ಮ ಕ್ರಿಯಾಪದಕ್ಕೆ ಪುರುಷವನ್ನು ತೋರಿಸುವ ನಾಲ್ಕು ಅರ್ಥಗಳು. ಇದ್ದದ್ದನ್ನು ಹೇಳುವ ಇಂದಿಕತೀವೊದಲ್ಲಿ ಎಂಟು ಕಾಲ, ಹಾರೈಸುವ, ಊಹಿಸುವ ಕೊಂಜುಂತೀವೊದಲ್ಲಿ ನಾಲ್ಕು, 'ಸಂದರ್ಭ ಒದಗಿದರೆ' ಎನ್ನುವ ಕೊಂದಿತ್ಸಿಯೊನಾಲೆಯಲ್ಲಿ ಎರಡು, ಆಜ್ಞೆಯ ಇಂಪೆರತೀವೊದಲ್ಲಿ ಒಂದು. ಒಟ್ಟು ಹದಿನೈದು. ಒಂದೊಂದಕ್ಕೆ ಆರು ರೂಪ, ಆಜ್ಞೆಗೆ ಮಾತ್ರ ಐದು. ಆದರೆ ಈ ಹದಿನೈದರಲ್ಲಿ ಏಳು ಜೋಡು ರೂಪಗಳು: 'ಮಾತಾಡು' ಎಂಬ ಅರ್ಥದ 'ಪರ್ಲಾರೆ'ಯಿಂದಾದ 'ಪರ್ಲಾತೊ' ಎಂಬ ಕೃದಂತದ ಹಿಂದೆ ಒಂದು ಸಹಾಯಕ ಕ್ರಿಯಾಪದ ನಿಲ್ಲಿಸಿದರೆ ಆಯಿತು. 'ಮಾತಾಡಿ'ಗೆ 'ಇದ್ದೇನೆ', 'ಇದ್ದೆ' ಹಚ್ಚುವ ನಮಗೆ ಇದು ಹೊಸದಲ್ಲ. ಪ್ರತ್ಯಯ ಕಲಿಯಬೇಕಾದದ್ದು ಎಂಟಕ್ಕೆ ಮಾತ್ರ.

ಆ ಪ್ರತ್ಯಯಗಳಾದರೂ ಎಂಥವು? ಚೌಕದಲ್ಲಿ ಐದು ನಿಮಿಷ ನಿಂತು ಕೇಳಿರಿ. ತಿಕೋಟಾದ ದ್ರಾಕ್ಷಿ ತೋಟದವನು ಫೋನಿನಲ್ಲಿ "ಬಂದೀನ್ರಿ, ಚೌಕದಾಗ ನಿಂತೀನಿ" ಅನ್ನುತ್ತಾನೆ. 'ನಾನು' ಎಂಬ ಪದವೇ ಇಲ್ಲ, ಅದು 'ಈನಿ'ಯಲ್ಲಿ ಅಡಗಿದೆ. ಬಬಲೇಶ್ವರದ ಬಸ್ಸಿಗೆ ಓಡುವ ಹೆಂಗಸು "ಹೊಂಟ್ಳು, ಕರೀರಿ" ಅಂದರೆ ಹೊರಟವಳು ಹೆಣ್ಣು, ಒಬ್ಬಳು ಎಂದು ಕ್ರಿಯಾಪದವೇ ಹೇಳಿಬಿಡುತ್ತದೆ. ನಿಮ್ಮ 'ಪರ್ಲಾರೆ'ಯ ವರ್ತಮಾನ ನೋಡಿರಿ. ಪಾರ್ಲೊ, ಪಾರ್ಲಿ, ಪಾರ್ಲಾ, ಪರ್ಲಿಯಾಮೊ, ಪರ್ಲಾತೆ, ಪಾರ್ಲನೊ: ಇಲ್ಲಿಯೂ 'ನಾನು', 'ನೀನು' ಬೇಕಿಲ್ಲ, ಕೊನೆಯ ಅಕ್ಷರವೇ ಆಳನ್ನು ತೋರಿಸುತ್ತದೆ. ಇಂಗ್ಲಿಷಿನಲ್ಲಿ ಆಳಿನ ಗುರುತು ಕ್ರಿಯಾಪದದಿಂದ ಬಹುತೇಕ ಅಳಿಸಿಹೋಗಿದೆ. ಅಲ್ಲಿಂದ ಹೊರಟ ಹುಡುಗಿಗೆ ಪ್ರತಿ ಪ್ರತ್ಯಯವೂ ಹೊಸ ಹೊರೆ. ಕನ್ನಡದಿಂದ ಹೊರಟವಳಿಗೆ ಇದು ಮನೆಯ ಹೊಸ್ತಿಲು.

ಜೋಡಣೆಯ ಕ್ರಮವೂ ಒಂದೇ. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಆಖ್ಯಾತಕ್ಕೇ, ಅಂದರೆ ಕ್ರಿಯಾಪದಕ್ಕೇ, ಒಂದು ಪ್ರಕರಣ ಮೀಸಲಿಟ್ಟ. ಮೊದಲು ಧಾತು, ಆಮೇಲೆ ಕಾಲದ ಗುರುತು, ಕೊನೆಗೆ ಆಳಿನ ಗುರುತು ಎಂದು ನಾವು ಶಾಲೆಯಲ್ಲಿ ಬಿಡಿಸುವುದು ಆ ಪರಂಪರೆಯಲ್ಲೇ. 'ಪರ್ಲಾವನೊ'ವನ್ನು ಹಾಗೇ ಬಿಡಿಸಿದೆವು. 'ಪರ್ಲಾ' ಧಾತು, 'ವಾ' ನಡೆಯುತ್ತಿದ್ದ ಕಾಲ, 'ನೊ' ಅವರು. ಮಾತಾಡು-ತ್ತಿದ್ದ-ರು. ಆಕೆ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು.

ಒಂದೇ ಒಂದು ಕಡೆ ಕನ್ನಡ ವ್ಯಾಕರಣದ ಹೆಸರು ಆಕೆಯನ್ನು ದಾರಿ ತಪ್ಪಿಸಿತ್ತು. ನಮ್ಮಲ್ಲಿ 'ನಾನು' ಉತ್ತಮ ಪುರುಷ, 'ಅವನು' ಪ್ರಥಮ ಪುರುಷ. ನಿಮ್ಮಲ್ಲಿ 'ಪ್ರೀಮಾ ಪೆರ್ಸೋನಾ', ಅಂದರೆ ಮೊದಲನೆಯ ಆಳು, 'ನಾನು'. ಹಾಳೆಯ ಮೊದಲ ಸಾಲಿಗೆ ಆಕೆ 'ಪ್ರಥಮ ಪುರುಷ' ಎಂದು ಬರೆದುಕೊಂಡು ವಾರಗಟ್ಟಲೆ ತೊಳಲಿದ್ದಳು. ಕನ್ನಡದಲ್ಲಿ ಒಂದು ಪುಟದ ಇಟಾಲಿಯನ್ ಪಾಠ ಇದ್ದಿದ್ದರೂ ಆ ವಾರಗಳು ಉಳಿಯುತ್ತಿದ್ದವು.

ಅಂದಿನಿಂದ ಇಂಗ್ಲಿಷ್ ಹಾಳೆ ಬದಿಗಿಟ್ಟು ಕನ್ನಡ ಲಿಪಿಯಲ್ಲೇ ಕೋಷ್ಟಕ ಬರೆಯುತ್ತಿದ್ದೇವೆ. ಒತ್ತು ಬೀಳುವ ಸ್ವರಕ್ಕೆ ದೀರ್ಘ ಹಾಕುತ್ತೇವೆ. 'ಪಾರ್ಲೊ' ಅಂದರೆ ಮಾತಾಡುತ್ತೇನೆ, 'ಪರ್ಲೋ' ಅಂದರೆ ಅವನು ಮಾತಾಡಿದ. ಒತ್ತು ಜಾಗ ಬದಲಿಸಿದರೆ ಆಳೂ ಕಾಲವೂ ಎರಡೂ ಬದಲು. ಇದಕ್ಕಿಂತ ದೊಡ್ಡ ಲಾಭ ನಮ್ಮ ಒತ್ತಕ್ಷರದ್ದು. 'ಪರ್ಲೆರೇಮೊ' ಅಂದರೆ ನಾವು ಮಾತಾಡುವೆವು. 'ಪರ್ಲೆರೆಮ್ಮೊ' ಅಂದರೆ ನಾವು ಮಾತಾಡಿಯೇವು, ಸಂದರ್ಭ ಒದಗಿದರೆ. ನಡುವೆ ಇರುವುದು ಒಂದು 'ಮ'ಕಾರದ ಒತ್ತು. ಇಂಗ್ಲಿಷ್ ಕಿವಿಗೆ ಇದನ್ನು ಹಿಡಿಯಲು ತಿಂಗಳು ಬೇಕು. ಕತೆಗೂ ಕತ್ತೆಗೂ ವ್ಯತ್ಯಾಸ ಬಲ್ಲ ನಮ್ಮ ಮೂರು ವರ್ಷದ ಕೂಸು ಒಮ್ಮೆಗೇ ಹಿಡಿಯುತ್ತದೆ.

ಎಲ್ಲರೂ ಅಂಜುವ ಕೊಂಜುಂತೀವೊದ ಮಾತಿಗೆ ಬರುತ್ತೇನೆ. ಇದ್ದದ್ದನ್ನು ಹೇಳುವುದು ಒಂದು ಬಗೆ, ಇರಲಿ ಎಂದು ಹಾರೈಸುವುದು, ಇದ್ದೀತು ಎಂದು ಊಹಿಸುವುದು ಇನ್ನೊಂದು ಬಗೆ. ಇಂಗ್ಲಿಷಿನಲ್ಲಿ ಇದಕ್ಕೆ ಉಳಿದ ರೂಪ ಅತ್ಯಲ್ಪ, ಆದ್ದರಿಂದ ಹಾಳೆಯಲ್ಲಿ ಬರೀ ನಿಯಮಗಳ ಪಟ್ಟಿ. ನಾನು ಆಕೆಗೆ "ಯಾರರ ಮಾತಾಡ್ಲಿ, ನೀ ಸುಮ್ನಿರು" ಅಂದೆ. 'ಯಾರೇ ಮಾತಾಡಲಿ' ಎಂಬುದಕ್ಕೆ ಇಟಾಲಿಯನ್ ಮಾತು 'ಕಿಯುಂಕ್ವೆ ಪಾರ್ಲಿ'. ಎರಡೂ 'ಲಿ'ಯಲ್ಲಿ ಮುಗಿದದ್ದು ಬರೀ ಆಕಸ್ಮಿಕ, ಬೇರೆ ಧಾತು ತೆಗೆದುಕೊಂಡರೆ ಆ ಪ್ರಾಸ ಉಳಿಯುವುದಿಲ್ಲ. ಉಳಿಯುವುದು ಬಳಕೆಯ ಜಾಗ. ನಮ್ಮ 'ಬರಲಿ' ಒಬ್ಬನಿಗೂ ಹತ್ತು ಜನಕ್ಕೂ ಒಂದೇ. ನಿಮ್ಮ 'ಪಾರ್ಲಿ' ನಾನು, ನೀನು, ಅವನು ಮೂವರಿಗೂ ಒಂದೇ. ಹಾರೈಕೆಯಲ್ಲಿ ಎರಡೂ ಭಾಷೆಗಳು ಆಳಿನ ಗುರುತನ್ನು ಸಡಿಲ ಬಿಡುತ್ತವೆ.

ಊಹೆಗೆ ನಮ್ಮಲ್ಲಿ ಸಂಭಾವನಾರ್ಥವಿದೆ: ಬಂದಾನು, ಬಿದ್ದೀಯೆ, ತಿಳಿದಾಳು. ನಮ್ಮೂರಲ್ಲಿ 'ಬಂದಾನ' ಅಂದರೆ ಬಂದಿದ್ದಾನೆ, 'ಬಂದಾನು' ಅಂದರೆ ಬರಬಹುದು. ಒಂದು ಉಕಾರಕ್ಕೆ ಅಷ್ಟು ಬೆಲೆ. "ನಾ ಮಾತಾಡಿದ್ರ ಆಕಿ ತಿಳ್ಕೊಂಡಾಳು" ಎಂಬುದನ್ನು ನಿಮ್ಮವರು 'ಸೆ ಪರ್ಲಾಸ್ಸಿ, ಕಪಿರೆಬ್ಬೆ' ಅನ್ನುತ್ತಾರೆ. ಇನ್ನೂ ಮಾತೇ ಆಡಿಲ್ಲ, ಆದರೂ 'ಮಾತಾಡಿದರೆ'ಯಲ್ಲಿ ನಾವು ಭೂತಕಾಲದ ರೂಪ ಹಿಡಿಯುತ್ತೇವೆ. ನೀವೂ ಕೊಂಜುಂತೀವೊದ ಇಂಪೆರ್ಫೆತ್ತೊ ಎಂಬ ಭೂತಕಾಲದ ರೂಪ ಹಿಡಿಯುತ್ತೀರಿ. ಈ ಸಂಭಾವನಾರ್ಥ ನಮ್ಮ ಪೇಟೆ ಮಾತಿನಿಂದ ಕರಗುತ್ತಿದೆ. 'ಬರಬಹುದು' ಬಂದು 'ಬಂದಾನು'ವಿನ ಜಾಗದಲ್ಲಿ ಕೂತಿದೆ. ಇಟಾಲಿಯನ್ ಕಲಿಯಲು ಕೂತ ಹುಡುಗಿಗೆ ತನ್ನ ಅಜ್ಜಿಯ 'ಬಿದ್ದೀಯವಾ, ಹುಷಾರು' ನೆನಪಾಗಿ ಕಣ್ಣು ತುಂಬಿತು. ನನಗೂ.

ಭವಿಷ್ಯತ್ತಿನ 'ಪರ್ಲೆರೋ' ಹುಟ್ಟಿದ ಬಗೆ ಕೇಳಿ ಆಕೆ ಚಪ್ಪಾಳೆ ತಟ್ಟಿದಳು. ಆಡುಮಾತಿನ ಲ್ಯಾಟಿನ್ನಿನಲ್ಲಿ 'ಮಾತಾಡಲು' ಎಂಬುದರ ಮುಂದೆ 'ಹಾಬೆಯೊ', ಅಂದರೆ 'ನನಗಿದೆ', ಬಂದು ಅಂಟಿಕೊಂಡು ಸವೆದು ಆದ ಪ್ರತ್ಯಯ ಅದು. ಚೌಕದಲ್ಲಿ ದಿನವೂ ಕೇಳುವ "ನಂದು ಸ್ವಲ್ಪ ಮಾತಾಡೂದೈತಿ" ಅದೇ ಅಲ್ಲವೇ? ನಮ್ಮ 'ಮಾತಾಡಾಕತ್ತೀನಿ'ಯೂ 'ಮಾತಾಡಲಿಕ್ಕೆ ಹತ್ತೀನಿ' ಸವೆದು ಆದದ್ದು. ಇಂಥ ಪ್ರತ್ಯಯ ಎಂಬುದು ಒಂದು ಕಾಲದಲ್ಲಿ ಸ್ವಂತ ಕಾಲ ಮೇಲೆ ನಿಂತಿದ್ದ ಪದ.

ಮರ್ಯಾದೆಯ ವಿಷಯದಲ್ಲಿ ಮಾತ್ರ ನನಗೆ ಆಕೆಯ ಬಗ್ಗೆ ಚಿಂತೆಯಿತ್ತು. ವಿಜಯಪುರದಲ್ಲಿ ಹುಟ್ಟಿದವರು ಹೌದ್ರಿ, ಇಲ್ರಿ, ಯಾಕ್ರಿ ಎಂದು ಎಲ್ಲದಕ್ಕೂ 'ರಿ' ಹಚ್ಚುವವರು. ನಿಮ್ಮಲ್ಲಿ 'ಪಾರ್ಲಾ' ಅಂದರೆ ಮಾತಾಡು, 'ಪಾರ್ಲಿ' ಅಂದರೆ ಮಾತಾಡ್ರಿ. 'ಎರೆ' ಎಂದು ಮುಗಿಯುವ ಕ್ರಿಯಾಪದಗಳ ಗುಂಪಿಗೆ ಬಂದರೆ ತಿರುವುಮುರುವು: 'ಕ್ರೇದಿ' ನಂಬು, 'ಕ್ರೇದಾ' ನಂಬ್ರಿ. ಹಿರಿಯರ ಮುಂದೆ ಒಂದು ಸ್ವರ ತಪ್ಪಿದರೆ ಬಹುವಚನ ಏಕವಚನವಾದ ಹಾಗೆ. ಇದನ್ನು ನಾವು ಹತ್ತು ಸಂಜೆ ತಿದ್ದಿದೆವು. 'ಮಾತಾಡಬೇಡ' ಮಾತ್ರ ಸಲೀಸು: 'ನೋನ್ ಪರ್ಲಾರೆ'. ಕನ್ನಡದ ಹಾಗೆಯೇ ಧಾತುವಿನ 'ಮಾತಾಡಲು' ರೂಪಕ್ಕೆ ನಿಷೇಧ ಸೇರಿಸುವುದು.

ನಿಷೇಧದಲ್ಲಿ ನಿಮ್ಮ ಭಾಷೆಗಿಂತ ನಮ್ಮದು ಸಿರಿವಂತ, ಕ್ಷಮಿಸಿ. ಒಲ್ಲೆ, ಒಲ್ಲ, ಒಲ್ಲಳು, ಒಲ್ಲರು. ಅರಿಯೆ, ಅರಿಯ, ಅರಿಯರು. 'ಇಲ್ಲ' ಎಂಬ ಪದದ ನೆರವಿಲ್ಲದೆ ಪ್ರತ್ಯಯವೇ ನಿರಾಕರಿಸುತ್ತದೆ. ವಚನಗಳಲ್ಲಿ ಈ ರೂಪಗಳು ಹೊಳೆಯುತ್ತವೆ. ಆ ವಚನಗಳನ್ನು ಓಲೆಗರಿಗಳಿಂದ ಎತ್ತಿ, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿ ನಾಡಿಗೆ ಮುಟ್ಟಿಸಿದ ಫ.ಗು. ಹಳಕಟ್ಟಿಯವರು ನಮ್ಮ ಊರಲ್ಲಿ ನೆಲೆಸಿದ್ದವರು.

ಕನ್ನಡ ಕೈಕೊಡುವ ಜಾಗಗಳೂ ಇವೆ. ಜೋಡು ರೂಪಗಳಿಗೆ ನಮಗೆ 'ಇರು' ಒಂದೇ ಸಹಾಯಕ, ನಿಮಗೆ 'ಅವೇರೆ', 'ಎಸ್ಸೆರೆ' ಎರಡು. ಬರುವುದು ಹೋಗುವುದಕ್ಕೆ 'ಎಸ್ಸೆರೆ' ಹಿಡಿಯಬೇಕು, ಹಿಡಿದರೆ ಗಂಡಿಗೆ 'ಅರ್ರಿವಾತೊ', ಹೆಣ್ಣಿಗೆ 'ಅರ್ರಿವಾತಾ'. 'ತಿಳಿದುಕೊಳ್ಳು' ಎಂಬ ಅರ್ಥದ 'ಕಪೀರೆ'ಯಂಥವುಗಳಲ್ಲಿ 'ಇಸ್ಕ್' ಎಂಬ ತುಂಡು ಕಪೀಸ್ಕೊ, ಕಪೀಶಿ, ಕಪೀಶೆ, ಕಪೀಸ್ಕೊನೊಗಳಲ್ಲಿ ಬಂದು, 'ನಾವು', 'ನೀವು' ರೂಪಗಳಲ್ಲಿ ಮಾಯ. ಒತ್ತು ಧಾತುವಿನ ಮೇಲೆ ಬೀಳಬೇಕಾದಲ್ಲೆಲ್ಲ ಈ ತುಂಡು ನಡುವೆ ಬಂದು ಅದನ್ನು ತನ್ನ ಮೇಲೆ ತೆಗೆದುಕೊಳ್ಳುತ್ತದೆ ಎಂದು ತಿಳಿದ ಮೇಲೆ ಹಾದಿ ಸಿಕ್ಕಿತು.

ಪಾದ್ರಿಗಳೇ, ನೀವು ಕೊಂಕಣಿ ವ್ಯಾಕರಣ ಬರೆದದ್ದೂ ಇಂಗ್ಲಿಷಿನಲ್ಲಿ. ಆಗಿನ ಓದುಗರು, ಆಗಿನ ಆಡಳಿತ ಹಾಗಿತ್ತು. ಈಗ ಹಾಗಿರಬೇಕಿಲ್ಲ. ಇಟಾಲಿಯನ್ ಬಲ್ಲ ಕನ್ನಡಿಗರು ಇದ್ದಾರೆ. ಅವರು ಒಂದು ಇಟಾಲಿಯನ್ ವ್ಯಾಕರಣವನ್ನು ಕನ್ನಡದಲ್ಲಿ, ನಮ್ಮ ಧಾತು-ಆಖ್ಯಾತಗಳ ನುಡಿಯಲ್ಲಿ ಬರೆಯಲಿ ಎಂದು ಈ ಚೌಕದಲ್ಲಿ ನಿಂತು ಕೈಜೋಡಿಸಿ ಕೇಳುತ್ತೇನೆ. ನಮ್ಮ ಎರಡು ನೂರು ಪುಟದ ನೋಟುಬುಕ್ಕು ಅರ್ಧ ತುಂಬಿದೆ, ಬೇಕಾದವರಿಗೆ ಕೊಡುತ್ತೇವೆ.

ನಿನ್ನೆ ಜೋಡು ರೂಪಗಳ ಪಾಠ ಮುಗಿಸಿದೆವು. ಒಂದು ಸ್ವಂತ ವಾಕ್ಯ ಬರೆಯವಾ ಅಂದೆ. ಆಕೆ ಎಡಕ್ಕೆ ನಮ್ಮ ಮಾತಿನಲ್ಲಿ ಬರೆದಳು: "ಮಫ್ಫೆಯಿ ಪಾದ್ರಿಗೋಳು ವಿಜಯಪುರಕ್ಕ ಬಂದಿದ್ರ ನಾವು ಮಾತಾಡ್ತಿದ್ವಿ." ಬಲಕ್ಕೆ ಬರೆದಳು: "ಸೆ ಮಫ್ಫೆಯಿ ಫೊಸ್ಸೆ ಅರ್ರಿವಾತೊ ಆ ವಿಜಯಪುರ, ಅವ್ರೆಮ್ಮೊ ಪರ್ಲಾತೊ." 'ಅವ್ರೆಮ್ಮೊ'ದ ಮಕಾರಕ್ಕೆ ಒತ್ತು ಸರಿಯಾಗಿ ಬಿದ್ದಿದೆ. ನಾನು ಕೆಂಪು ಪೆನ್ನು ತೆಗೆಯಲಿಲ್ಲ.

ಇತಿ,
ಒಬ್ಬ ಕನ್ನಡ ಮಾಸ್ತರ
ಗಾಂಧಿ ಚೌಕ, ವಿಜಯಪುರ