ವಾರಕ್ಕೆ 150 ನಿಮಿಷ

(ಬೆಂಗಳೂರಿನ ಒಂದು ಕ್ಲಿನಿಕ್)

ಡಾಕ್ಟರ್: ಶುಗರ್ ಏರಿದೆ ರಾಯರೇ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ.

ರಾಯರು: ದಿನಾ ಕಬ್ಬನ್ ಪಾರ್ಕಿನಲ್ಲಿ ನಡೀತೀನಲ್ಲ ಡಾಕ್ಟ್ರೇ!

ಡಾಕ್ಟರ್: ಅಲ್ಲಿವರೆಗೆ?

ರಾಯರು: ಕಾರು. ಪಾರ್ಕಿಂಗ್ ಹುಡುಕಿಕೊಂಡು ಅರ್ಧ ಗಂಟೆ ಸುತ್ತುತೀನಿ. ಅದೂ ಲೆಕ್ಕಕ್ಕೆ ಬರುತ್ತಾ?

ಡಾಕ್ಟರ್: ಬರಲ್ಲ. ಹಾಲು, ತರಕಾರಿಗೆ ನಡೆದುಹೋಗಿ. ಹತ್ತು ನಿಮಿಷ ನಡೆದರೂ ಅದು ಲೆಕ್ಕವೇ.

ರಾಯರು: ಎಲ್ಲಿ ನಡೀಲಿ? ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್, ಪಕ್ಕದಲ್ಲಿ ಜಲ್ಲಿ ರಾಶಿ. ಮಿಕ್ಕ ಜಾಗದಲ್ಲಿ ಸ್ಕೂಟರುಗಳು ವಾಕಿಂಗ್ ಮಾಡ್ತಿರ್ತವೆ.

ಡಾಕ್ಟರ್: ಸೈಕಲ್ ತುಳೀರಿ. ಮಂಡಿಗೂ ಒಳ್ಳೇದು.

ರಾಯರು: ಸೈಕಲ್ ಪಥದ ತುಂಬಾ ಕಾರು ನಿಲ್ಲಿಸಿದಾರೆ ಸಾರ್.

ಡಾಕ್ಟರ್: ಯಾರ್ರೀ ಅಂಥವರು?

ರಾಯರು: ಈಗ ಹೊರಗೆ ನಿಂತಿರೋದು ನಂದೇ. ಅದರ ಮುಂದಿನ ಬಿಳೀ ಕಾರು ಯಾರದೋ ಗೊತ್ತಿಲ್ಲ.

ಡಾಕ್ಟರ್: ಅದು... ನಂದು.

ರಾಯರು: ನಿಮ್ಮ ಮನೆ ಹಿಂದಿನ ಬೀದೀಲೇ ಅಲ್ವಾ?

ಡಾಕ್ಟರ್: ನಡ್ಕೊಂಡು ಬಂದ್ರೆ ಪ್ರಾಕ್ಟೀಸ್ ಬಿದ್ದುಹೋಯ್ತು ಅಂತಾರ್ರೀ ಜನ!

ನಡಿಗೆಯ ಚೀಟಿಯನ್ನು ಡಾಕ್ಟರು ಬರೆದುಕೊಟ್ಟಾರು. ನಡೆಯುವ ಜಾಗವನ್ನು ನಗರಾಡಳಿತವೇ ಕೊಡಬೇಕು. ಓದುಗರೇ, ಕೊಟ್ಟ ಜಾಗದ ಮೇಲೆ ಗಾಡಿ ನಿಲ್ಲಿಸದಿರುವ ಪಥ್ಯ ಮಾತ್ರ ನಮ್ಮದು.